ಅತ್ತೆ ಹೊಲಿದ ಶ್ರೀಶೈಲ

ಬಿಸಿಲಿಗೆ ಹರವಿದ ಹಳೆಯ ಕೌದಿಯ ವಾಸನೆ ಬಂದರೆ, ಮುಧೋಳದ ಬಸ್ಸು ಹತ್ತುವ ಮೊದಲು ಕಂಡಕ್ಟರನನ್ನು ಎರಡೆರಡು ಸಲ ಕೇಳುವ ನನ್ನಂಥ ಅಂಜುಬುರುಕಿಗೂ ಅತ್ತೆ ನೆನಪಾಗುತ್ತಾಳೆ.

ಅತ್ತೆ ಎಂದರೆ ಅಪ್ಪನ ತಂಗಿ. ಗಂಡ ತೀರಿದ ಮೇಲೆ ರಬಕವಿಯ ನಮ್ಮ ಮನೆಯಲ್ಲೇ ಇದ್ದಳು. ನಾನು ಚಿಕ್ಕವಳಿದ್ದಾಗ ಒಂದು ವರ್ಷ, ಮನೆಯ ಯಜಮಾನನಾಗಿದ್ದ ದೊಡ್ಡಪ್ಪನನ್ನು ಕಾಡಿ ಬೇಡಿ ಒಪ್ಪಿಸಿ, ಮೊದಲ ಸಲ ಶ್ರೀಶೈಲದ ಪಾದಯಾತ್ರೆಗೆ ಹೋಗಿ ಬಂದಿದ್ದಳು. ಯುಗಾದಿ ಮುಗಿದ ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಕೂತು, ಹಳೆಯ ಸೀರೆಗಳ ತುಂಡುಗಳಲ್ಲಿ ಆ ದಾರಿಯನ್ನೇ ಕೌದಿಗೆ ಹೊಲಿಯುತ್ತ ಓಣಿಯ ಹೆಂಗಸರಿಗೆ ಕಥೆ ಹೇಳುತ್ತಿದ್ದಳು. ಹಸಿರು ತುಂಡು ಅಡವಿ, ಕೆಂಪು ತುಂಡು ಕಾದ ನೆಲ.

ದೊಡ್ಡಪ್ಪನಿಗೆ ಅದನ್ನು ಸಹಿಸಲಾಗಲಿಲ್ಲ. ಅವನು ಹಲವು ಸಲ ಹೋಗಿ ಬಂದವನು. ಕೇಳಿದರೆ ಯಾವ ಊರಲ್ಲಿ ಝುಣಕ ಚೆನ್ನಾಗಿತ್ತು ಎಂಬುದಷ್ಟೇ ಅವನ ಯಾತ್ರೆ.

“ಹರಕ ಅರಿವ್ಯಾಗ ಅಡವಿ ತೋರಸಾಕತ್ತಾಳ ನೋಡ್ರಿ,” ಎಂದು ಎಲೆಅಡಿಕೆಯ ಬಾಯಲ್ಲೇ ನಕ್ಕ.

“ಅಲ್ಲೋ ಅಣ್ಣಾ, ನಿನ್ನ ಝುಣಕಾ ಯಾವ ಮೂಲ್ಯಾಗ ಹೊಲೀಲಿ?”

ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ದೊಡ್ಡಪ್ಪನ ನಗು ಇಳಿಯಿತು.

“ಬರೂ ವರ್ಷ ನಿನ್ನ ಯಾರ ಕಳಸ್ತಾರ, ನಾನೂ ನೋಡ್ತೀನಿ.”

ಅತ್ತೆ ತಲೆ ಎತ್ತದೆ ಸೂಜಿಗೆ ಹೊಸ ನೂಲು ಪೋಣಿಸಿದಳು.

“ಕಳಸೂದೇನ ಬಂತು? ದಾರಿ ಗೊತ್ತಾಗೇತಲ್ಲ.”