ಗುಲಾಬಿ ಮರಳು

ಮರುಭೂಮಿಯಲ್ಲಿದ್ದ ಎರಡು ಎಣ್ಣೆ ಬಾವಿಗಳಲ್ಲಿ ಒಂದನ್ನು ನಾನು ನೋಡಿಕೊಳ್ಳುತ್ತಿದ್ದೆ, ಇನ್ನೊಂದನ್ನು ಮಂಗಳೂರಿನ ವಿಲ್ಫ್ರೆಡ್. ನಡುವೆ ಕೂಗಿದರೆ ಕೇಳುವಷ್ಟೇ ದೂರ. ಅವನು ತನ್ನ ಬಾವಿಯನ್ನು ಆ್ಯಸಿಡ್ ಹಾಕಿ ತೊಳೆಸಿದ್ದೇ ತಡ, ಎಣ್ಣೆ ದಿನಕ್ಕೆ ಮುನ್ನೂರು ಬ್ಯಾರಲ್ಲಿಗೆ ಏರಿತು. ನನ್ನದು ತೊಂಬತ್ತರಲ್ಲೇ ಕೂತಿತ್ತು. ಕ್ಯಾಂಟೀನಿನಲ್ಲಿ ಮ್ಯಾನೇಜರು ಅವನ ತಟ್ಟೆಗೆ ತಾವೇ ಖರ್ಜೂರ ಬಡಿಸಿದ್ದನ್ನು ಕಂಡ ದಿನ ನನಗೆ ಊಟ ಸೇರಲಿಲ್ಲ.

ನಾನು ಬಂಡೆಯನ್ನೇ ಸೀಳಲು ಹೊರಟೆ. ನೀರಿಗೆ ಮರಳು ಬೆರೆಸಿ ಪಂಪಿನಿಂದ ಒತ್ತಿದರೆ ಆಳದಲ್ಲಿ ಬಂಡೆ ಬಿರಿಯುತ್ತದೆ. ಮರಳು ಆ ಬಿರುಕು ಮುಚ್ಚದಂತೆ ತಡೆಯುತ್ತದೆ, ಎಣ್ಣೆ ಹರಿದು ಬರುತ್ತದೆ. ಯಾರ ಬಳಿಯೂ ಇಲ್ಲದ ಗುಲಾಬಿ ಬಣ್ಣದ ದುಬಾರಿ ಮರಳನ್ನೇ ಹಟ ಹಿಡಿದು ತರಿಸಿದೆ.

"ಸಾಕ್ರೀ ಸರ್," ಎಂದ ಪಂಪು ನಡೆಸುವ ಬಸಲಿಂಗ. "ಹೇಳಿದಷ್ಟು ಒತ್ತಡ ಆತು. ಇನ್ನೂ ಒತ್ತಿದ್ರ ಬಿರುಕು ಎತ್ತಾಗ ಹೋಗತೈತೋ ಯಾರಿಗ್ಗೊತ್ರೀ?"

"ವಿಲ್ಫ್ರೆಡ್ ದಿನಕ್ಕೆ ಎಷ್ಟು ತೆಗೀತಾನೆ?"

"ಮುನ್ನೂರು ರೀ."

"ಹಾಗಿದ್ರೆ ಒತ್ತು."

ಸಂಜೆಯವರೆಗೂ ಒತ್ತಿಸಿದೆ. ಮರುದಿನ ನನ್ನ ಬಾವಿ ನಲವತ್ತಕ್ಕೆ ಇಳಿಯಿತು. ಮೀಟರನ್ನು ಎರಡನೇ ಸಲ ತಟ್ಟಿ ನೋಡುತ್ತಿದ್ದಾಗ ವಿಲ್ಫ್ರೆಡ್‌ನ ಫೋನು ಬಂತು.

"ಮಾರಾಯ್ರೆ, ನಾನು ಏನೂ ಮಾಡ್ಲಿಲ್ಲ, ಆದ್ರೂ ಇವತ್ತು ಆರ್ನೂರು ಬ್ಯಾರಲ್ ಬರ್ತಾ ಉಂಟು," ಎಂದ. "ಎಣ್ಣೆಯೊಟ್ಟಿಗೆ ಒಂದು ರಾಶಿ ಗುಲಾಬಿ ಮರಳು ಸಹ ಬಂದುಂಟು. ಅದನ್ನು ನಿಮ್ಮಲ್ಲಿಗೇ ಕಳಿಸ್ಲಿಕ್ಕಾ?"