ದೊಡ್ಡ ಮೇಡಂ ಎದುರಿನ ಮೂರು ನಿಮಿಷ

ಮಗಳ ಬ್ಯಾಗಿಗೆ ಕೈ ಹಾಕಿದ್ದು ಊಟದ ಡಬ್ಬಿ ತೆಗೆಯುವುದಕ್ಕೆ. ಸಿಕ್ಕಿದ್ದು ನಾಲ್ಕಾಗಿ ಮಡಿಸಿದ ಹಾಳೆ. ಬಚ್ಚಲಿನಲ್ಲಿ ನೀರಿನ ಸದ್ದು ನಿಲ್ಲುವಷ್ಟರಲ್ಲಿ ತಾಯಿ ಅದನ್ನು ಎರಡು ಸಲ ಓದಿ ಮುಗಿಸಿದ್ದಳು.

‘ಹೊರಗಿನವರ ಮುಂದೆ ಬೆಣ್ಣೆಯಂಥ ಮಾತು. ಬಾಗಿಲು ಹಾಕಿದ ಮೇಲೆ ಬೇರೆಯೇ ದನಿ. ನನ್ನ ತಲೆಯಲ್ಲಿ ಜೇಡಿಮಣ್ಣು ತುಂಬಿದೆ ಅಂತ ದಿನಾ ಕೇಳಿಸಿಕೊಳ್ಳುತ್ತೇನೆ. ಬೆಳಗಾದರೆ ಹೊಟ್ಟೆನೋವು. ಚಪ್ಪಲಿಯ ಸದ್ದು ಹತ್ತಿರ ಬಂದರೆ ಓದಿದ್ದೆಲ್ಲ ಮರೆತುಹೋಗುತ್ತದೆ. ಇಷ್ಟು ದಿನ ಯಾರಿಗೂ ಹೇಳಿಲ್ಲ. ಇವತ್ತು ದೊಡ್ಡ ಮೇಡಂ ಎದುರಿಗೆ ಹೆಸರು ಹೇಳುತ್ತೇನೆ.’

ಮನೆಯಲ್ಲಿ ಇರುವುದು ತಾಯಿ, ಮಗಳು, ಇಬ್ಬರೇ. ಹೆಸರು ಬೇರೆ ಬರೆಯಬೇಕಿತ್ತೇ?

ಮರುದಿನವೇ ಏಳನೇ ತರಗತಿಯ ಭಾಷಣ. ತಲೆಗೆ ಮೂರು ನಿಮಿಷ. ಮಕ್ಕಳು ದೊಡ್ಡ ಮೇಡಂ ಎಂದು ಕರೆಯುವ ಮುಖ್ಯೋಪಾಧ್ಯಾಯಿನಿ ಬಂದು ಕೂತು ಕೇಳುವವರಿದ್ದರು. ಹೆತ್ತವರಿಗೆ ಹಿಂದಿನ ಬೆಂಚು. ‘ಸಮಯದ ಮಹತ್ವ’ ಎಂಬ ಭಾಷಣವನ್ನು ತಾಯಿಯೇ ಬರೆದುಕೊಟ್ಟು, ಎಂಟು ದಿನದಿಂದ ಬಾಯಿಪಾಠ ಮಾಡಿಸುತ್ತಿದ್ದಳು. ಅದನ್ನು ಬರೆದ ಮಹಾತಾಯಿಗೆ ಮಗಳ ಪಕ್ಕದಲ್ಲಿ ಐದು ನಿಮಿಷ ಸುಮ್ಮನೆ ಕೂರಲು ಸಮಯವಿರಲಿಲ್ಲ ಎನ್ನುವುದು ಬೇರೆ ಮಾತು.

ಅವಳ ಕೆಲಸ ಆಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ. ದಿನವಿಡೀ ಕಂಡವರ ಬೈಗುಳಕ್ಕೆಲ್ಲ ನಗುನಗುತ್ತಾ ಉತ್ತರ ಕೊಡಬೇಕು. ಸಂಜೆ ಮನೆಗೆ ಬಂದು ಬಾಗಿಲು ಹಾಕಿದಳೆಂದರೆ ಅಷ್ಟೂ ಸಿಟ್ಟು ಮಗಳ ಮೇಲೆ. ಜೇಡಿಮಣ್ಣಿನ ಮಾತನ್ನು ಮೊನ್ನೆಯಷ್ಟೇ ಆಡಿದ್ದಳು, ಭಾಷಣದ ಮೂರನೇ ಸಾಲು ಮರೆತಳೆಂದು. ಆದರೆ ದಿನಾ? ನೆನಪು ಮಾಡಿಕೊಳ್ಳಲು ಧೈರ್ಯ ಬರಲಿಲ್ಲ.

ಸ್ನಾನ ಮುಗಿಸಿ ಬಂದ ಮಗಳು ಬ್ಯಾಗನ್ನು ತಲೆಕೆಳಗು ಮಾಡಿ ಹುಡುಕಿದಳು. ಏನು ಹುಡುಕುತ್ತಿದ್ದೀಯ ಎಂದು ಕೇಳಲು ನಾಚಿ ತಾಯಿ ಅಡುಗೆಮನೆಗೆ ಹೋದಳು. ಹಾಳೆ ತಾಯಿಯ ಪರ್ಸಿನಲ್ಲಿತ್ತು.

ಬೆಳಿಗ್ಗೆ ಕೆಲಸಕ್ಕೆ ರಜೆ ಹೇಳಿ, ಗಂಟೆ ಹೊಡೆಯುವ ಮೊದಲೇ ಶಾಲೆಗೆ ಹೋದಳು. ಖಾಲಿ ತರಗತಿಯಲ್ಲಿ ಕ್ಲಾಸ್ ಟೀಚರ್ ನೋಟ್‌ಬುಕ್ ತಿದ್ದುತ್ತಾ ಕೂತಿದ್ದರು. ಇವಳನ್ನು ಕಂಡದ್ದೇ ಎದ್ದು ನಿಂತು, ಕುರ್ಚಿ ಎಳೆದುಕೊಟ್ಟು, ಬಿಸಿಲಲ್ಲಿ ಬಂದಿರಿ, ನೀರು ಬೇಕೇ ಎಂದು ವಿಚಾರಿಸಿದರು. ಇಂಥವರ ಕೈಕೆಳಗೆ ಕಲಿಯುವ ಮಗುವಿಗೆ ಮನೆಯಲ್ಲಿ ತನ್ನಂಥವಳು ಎಂದು ತಾಯಿಗೆ ಅಳುವೇ ಬಂತು. ಹಾಳೆ ಚಾಚಿ, ತಪ್ಪೆಲ್ಲ ತನ್ನದು, ಇದನ್ನು ಮಾತ್ರ ಅವಳು ಓದದ ಹಾಗೆ ಮಾಡಿ ಎಂದು ಬೇಡಿಕೊಂಡಳು.

ಟೀಚರ್ ಓದಿದರು. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

“ಇದನ್ನ ಇನ್ಯಾರಾದ್ರೂ ಓದಿದಾರಾ?”

“ಇಲ್ಲ ಮಿಸ್. ನೇರ ನಿಮ್ಮ ಕೈಗೇ ತಂದೆ.”

ಟೀಚರ್ ಹಾಳೆಯನ್ನು ಮೊದಲಿನಂತೆ ನಾಲ್ಕಾಗಿ ಮಡಿಸಿ ತಮ್ಮ ಬಳಿಯೇ ಇಟ್ಟುಕೊಂಡರು. “ಒಳ್ಳೇ ಕೆಲಸ ಮಾಡಿದ್ರಿ. ಇದು ಇಲ್ಲಿಗೇ ಮುಗೀಲಿ. ಅವಳನ್ನ ನಾನು ನೋಡ್ಕೋತೀನಿ.”

ಮಧ್ಯಾಹ್ನ ಹಿಂದಿನ ಬೆಂಚಿನಲ್ಲಿ ತಾಯಿ ಜೀವ ಕೈಯಲ್ಲಿ ಹಿಡಿದು ಕೂತಳು. ಒಬ್ಬ ಗಿಡಮರದ ಬಗ್ಗೆ ಹೇಳಿದ. ಒಬ್ಬಳು ಶಿಸ್ತಿನ ಬಗ್ಗೆ ಹೇಳಹೋಗಿ ನಗು ತಡೆಯಲಾರದೆ ಓಡಿಬಂದಳು. ಆಮೇಲೆ ಮಗಳ ಸರದಿ.

“ಇವತ್ತು ನಾನು ಒಬ್ಬರ ಬಗ್ಗೆ...” ಎಂದು ಶುರುಮಾಡಿದವಳು ತಲೆ ಎತ್ತಿದಳು. ದೊಡ್ಡ ಮೇಡಂ ಕುರ್ಚಿಯ ಹಿಂದೆ ಟೀಚರ್ ನಿಂತಿದ್ದರು. ಅವರ ಕೈಯಲ್ಲಿ ಆ ಹಾಳೆಯಿತ್ತು. ಮಗಳು ಅದನ್ನೇ ನೋಡುತ್ತಾ ನಿಂತುಬಿಟ್ಟಳು. ದೊಡ್ಡ ಮೇಡಂ, ಹೇಳು ಮರಿ, ಎಂದು ಹುರಿದುಂಬಿಸಿದರು.

“ಸಮಯ ಅಮೂಲ್ಯವಾದುದು,” ಎಂದಳು ಮಗಳು. ಮೂರನೇ ಸಾಲೂ ತಪ್ಪಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಟೀಚರ್ ಮುಂದೆ ಬಂದು ಅವಳ ತಲೆ ಸವರಿದರು. ತಾಯಿಗೆ ಹೋದ ಜೀವ ಬಂದಂತಾಯಿತು.

ಮನೆಯ ದಾರಿಯಲ್ಲಿ ಅವಳು ಮಗಳ ಕೈ ಹಿಡಿದುಕೊಂಡಳು. ಎಷ್ಟು ದಿನವಾಗಿತ್ತೋ ಹಾಗೆ ಹಿಡಿದು. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎನ್ನಿಸಿತು.

“ಪುಟ್ಟೀ, ಆ ಹಾಳೆ ನಾನು ಓದಿದೆ. ಮಿಸ್‌ಗೆ ಕೊಟ್ಟಿದ್ದೂ ನಾನೇ. ನನ್ನ ಬಗ್ಗೆ ನೀನು ಬರೆದಿದ್ದೆಲ್ಲ ನಿಜ. ಇನ್ಮೇಲೆ ಕೂಗಾಡಲ್ಲ ಕಣೇ.”

ಮಗಳು ನಿಂತಳು. ಮೆಲ್ಲಗೆ ಕೈ ಬಿಡಿಸಿಕೊಂಡಳು.

“ಅದು ನಿನ್ನ ಬಗ್ಗೆ ಅಲ್ಲಮ್ಮ. ಮಿಸ್ ಬಗ್ಗೆ.”