ಎಡಬಲದ ಪೈಪುಗಳು

ಲವಾರ್ ಗಾಡಿ ಎಳೆಯುವ ವಿಂಚಿನ ಕೊಕ್ಕೆ ತರಲು ಆಚೆ ಹೋದದ್ದೇ ತಡ, ವೆಂಡೆಲ್ ತನ್ನ ಶೆಡ್ಡಿನಲ್ಲಿದ್ದ ಅವನ ಬಂಡೆ ಹತ್ತುವ ಗಾಡಿಯ ಕೆಳಗೆ ಸರಕ್ಕನೆ ನುಸುಳಿದ. ಎರಡು ಸ್ಪ್ಯಾನರು, ಒಂದು ಹಳೇ ಬಟ್ಟೆ. ಸ್ಟೇರಿಂಗಿನ ಎಡದ ಪೈಪನ್ನು ಬಿಚ್ಚಿ ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ಬಿಗಿದ. ಚೆಲ್ಲಿದ ಎಣ್ಣೆ ಒರೆಸಿದ. ಈಚೆ ಬಂದು, ಏನೂ ಅರಿಯದವನಂತೆ ಕೈ ತೊಳೆಯಲು ನಿಂತ.

ಬೆಳಗಾದರೆ ಶನಿವಾರ. ಊರಾಚೆಯ ಕೆಂಪು ಬಂಡೆಗಳ ಮೇಲೆ ಗಾಡಿ ಹತ್ತಿಸುವ ವರ್ಷದ ಪಂದ್ಯ. ಅದಕ್ಕೆಂದೇ ವೆಂಡೆಲ್ ಚಳಿಗಾಲವಿಡೀ ಲವಾರನ ಗಾಡಿಗೆ ಹೊಸ ಮುಂದಿನ ಆಕ್ಸಲ್ ಕಟ್ಟಿದ್ದ. ಅಳತೆ ಅವನದು, ಬೆಸುಗೆ ಅವನದು. ಅದರ ಮೇಲೆ ಎಣ್ಣೆಯ ಒತ್ತಡದಿಂದ ನಡೆಯುವ ಸ್ಟೇರಿಂಗ್ ಕೂರಿಸಿದ್ದ. ಇದರಲ್ಲಿ ಸ್ಟೇರಿಂಗಿಗೂ ಚಕ್ರಕ್ಕೂ ನಡುವೆ ಕಬ್ಬಿಣದ ಸರಳಿಲ್ಲ. ಇರುವುದು ಎರಡು ಪೈಪು. ಒಂದರಲ್ಲಿ ಎಣ್ಣೆ ನುಗ್ಗಿದರೆ ಚಕ್ರ ಎಡಕ್ಕೆ, ಇನ್ನೊಂದರಲ್ಲಿ ನುಗ್ಗಿದರೆ ಬಲಕ್ಕೆ. ಅವು ಅದಲುಬದಲಾದರೆ, ಎಡಕ್ಕೆ ತಿರುಗಿಸಿದ ಗಾಡಿ ಬಲಕ್ಕೆ ಹೋಗುತ್ತದೆ.

ಲವಾರ್ ಹಳೆಯ ಗೆಳೆಯ. ಒಳ್ಳೆಯವನೇ. ಆದರೆ ಮೊನ್ನೆ ಹೋಟೆಲಿನಲ್ಲಿ, ಹಿಂದಿನ ಮೇಜಿನಲ್ಲಿ ವೆಂಡೆಲ್ ಬರ್ಗರ್ ಕಚ್ಚುತ್ತಾ ಕೂತಿದ್ದಾನೆಂಬುದು ಗೊತ್ತಿಲ್ಲದೆ, ನಾಲ್ಕು ಜನರ ಮುಂದೆ ಕೊಚ್ಚಿಕೊಂಡಿದ್ದ:

“ಬೆಸುಗೆ ಹಾಕಿದ್ದು ವೆಂಡೆಲ್ಲು. ತಲೆ ನಂದು ಕಣ್ರೋ.”

ಆ ಬರ್ಗರ್ ಅಲ್ಲಿಗೇ ಮುಗಿಯಿತು.

ಅಷ್ಟಕ್ಕೂ ಲವಾರನ ತಲೆಯ ಪ್ರತಾಪ ಊರಿಗೆಲ್ಲ ಗೊತ್ತು. ಬಂಡೆಯ ಮೇಲೆ ಅವನನ್ನು ಮೀರಿಸುವವರಿಲ್ಲ, ನಿಜ. ನೆಲದ ಮೇಲೆ? ಪಿಕಪ್ ಓಡಿಸುವುದು ಹೆಂಡತಿ ನೆಡ್ರಾ. ಇವನು ಪಕ್ಕದಲ್ಲಿ ಕಾಲು ಚಾಚಿ ಕೂರುವ ಮಹಾರಾಜ. ಒಮ್ಮೆ ವೆಂಡೆಲನ ಅಂಗಳದಲ್ಲಿ ಭಾರ ಎತ್ತುವ ಫೋರ್ಕ್‌ಲಿಫ್ಟ್ ಹತ್ತಿ, ಅಷ್ಟಗಲ ಜಾಗ ಬಿಟ್ಟು ನೇರ ಎಣ್ಣೆ ಡ್ರಮ್ಮಿಗೆ ಗುದ್ದಿದ್ದ. “ಡ್ರಮ್ಮೇ ಅಡ್ಡ ಬಂತು” ಅಂದಿದ್ದ. ಗಾಡಿಯ ಹಳೇ ಆಕ್ಸಲ್ಲು, ಪೈಪು ಯಾವುದನ್ನೂ ವೆಂಡೆಲನಿಗೆ ಮುಟ್ಟಗೊಡಲಿಲ್ಲ. “ನಾನೇ ಕಟ್ಟಿದ್ದು, ನಾನೇ ಬಿಚ್ತೀನಿ” ಎಂದು ಬಿಚ್ಚಿ, ಗುಜರಿಗೆ ಎಸೆದು ಬಂದಿದ್ದ.

ಇಬ್ಬರೂ ಸೇರಿ ಗಾಡಿಯನ್ನು ವಿಂಚಿನಿಂದ ಟ್ರೇಲರಿಗೆ ಎಳೆದರು.

“ಇಳಿಸಿ ಒಂದು ಸುತ್ತು ಹೊಡೀತೀಯೇನೋ?” ವೆಂಡೆಲ್ ಕೇಳಿದ.

“ನಿನ್ನ ಕೆಲಸದಲ್ಲಿ ನೋಡೋದೇನಿದೆ ಮಾರಾಯಾ? ಆ ಪೈಪು ಮಾತ್ರ ಒಂಚೂರು...” ಲವಾರ್ ಮಾತು ನುಂಗಿದ. “ಬಿಡು. ಅಲ್ಲಿಗೆ ಹೋದ್ಮೇಲೆ ನಾನೇ ನೋಡ್ಕೋತೀನಿ.”

ಪೈಪು ನೋಡಿದರೆ ವೆಂಡೆಲನ ಗುಟ್ಟು ರಟ್ಟಾಗುತ್ತಿತ್ತು. ಆದರೆ ನೆಡ್ರಾ ಆಗಲೇ ಪಿಕಪ್ ಹೊರಡಿಸಿದ್ದಳು.

ವೆಂಡೆಲ್ ಬಯಸಿದ್ದು ಇಷ್ಟೇ: ಗಾಡಿ ಅಡ್ಡಾದಿಡ್ಡಿ ಓಡಲಿ, ಜನ ಹೊಟ್ಟೆ ಹುಣ್ಣಾಗುವಂತೆ ನಗಲಿ. ರಾತ್ರಿ ಊಟಕ್ಕೆ ಕೂತಾಗ ಪಂದ್ಯದ ದಾರಿ ಕಣ್ಣಮುಂದೆ ಬಂತು. ನೆಟ್ಟಗೆ ಏರು. ತುದಿಯಲ್ಲಿ ಎಡಕ್ಕೆ ತಿರುವು. ಬಲಕ್ಕೆ ಪ್ರಪಾತ.

ತಟ್ಟೆ ಪಕ್ಕಕ್ಕೆ ಸರಿಸಿದ. ಗಂಡಹೆಂಡತಿ ಬಂಡೆಗಳ ಬುಡದಲ್ಲಿ ಡೇರೆ ಹಾಕಿರುತ್ತಾರೆ. ಅಲ್ಲಿ ಫೋನ್ ಸಿಗದು. ಎದ್ದು ಹೋಗಬಹುದಿತ್ತು. ಹೋಗಿ ಏನೆಂದು ಹೇಳುವುದು? ಒಂದು ಮಾತಿಗೆ ಒಬ್ಬನ ಪ್ರಾಣ! ತಾನೆಂಥ ನೀಚನೆಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಹಾಸಿಗೆ ಮುಳ್ಳಾಯಿತು.

ಬೆಳಿಗ್ಗೆ ಅವನು ತಲುಪುವಷ್ಟರಲ್ಲಿ ಲವಾರನ ಗಾಡಿ ಸಾಲಿನ ಮೊದಲಲ್ಲಿ, ಬಂಡೆಗೆ ಮೂತಿ ಮಾಡಿ ನಿಂತಿತ್ತು. ಲವಾರ್ ತೀರ್ಪುಗಾರರ ಡೇರೆಯಲ್ಲಿದ್ದ. ವೆಂಡೆಲ್ ಅತ್ತಿತ್ತ ನೋಡಿ ಗಾಡಿಯಡಿ ನುಗ್ಗಿದ. ಪೈಪುಗಳು ತಾನು ಹಾಕಿದಂತೆಯೇ ಇದ್ದವು. ಬಲಕ್ಕೆ ಹಾಕಿದ್ದನ್ನು ಎಡಕ್ಕೆ, ಎಡಕ್ಕೆ ಹಾಕಿದ್ದನ್ನು ಬಲಕ್ಕೆ ಬಿಗಿದು, ಸೋರಿದಷ್ಟು ಎಣ್ಣೆ ತುಂಬಿ ಈಚೆ ಬಂದ.

ಲವಾರ್ ಮೈಕು ಹಿಡಿದಿದ್ದ.

“ಈ ಆಕ್ಸಲ್ ನನ್ನ ತಲೆ ಅಂತ ಊರೆಲ್ಲ ಹೇಳ್ಕೊಂಡು ತಿರುಗಿದೀನಿ. ಬರೀ ಬುರುಡೆ! ಕೈನೂ ವೆಂಡೆಲ್ಲಂದೇ, ತಲೇನೂ ಅವಂದೇ. ಚಪ್ಪಾಳೆ ಹೊಡೀರಪ್ಪಾ!”

ಜನ ಹೊಡೆದರು. ವೆಂಡೆಲನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಗಾಡಿ ಹತ್ತುವ ಮುಂಚೆ ಲವಾರ್ ಅವನ ಬೆನ್ನಿಗೆ ಗುದ್ದಿ, “ಮೇಲಿಂದ ಕೈ ಬೀಸ್ತೀನಿ, ನೋಡು” ಅಂದ.

ಎಂಜಿನ್ ಗುಡುಗಿತು. ಏರಿನಲ್ಲಿ ವರ್ಷವರ್ಷವೂ ಚಕ್ರಗಳು ಸವೆಸಿದ ಎರಡು ತೋಡು. ಅಲ್ಲಿ ಸ್ಟೇರಿಂಗ್ ಅಲ್ಲಾಡಿಸುವ ಕೆಲಸವೇ ಇಲ್ಲ. ಗಾಡಿ ನೆಟ್ಟಗೆ ಹತ್ತತೊಡಗಿತು. ಉಳಿಸಿಕೊಂಡೆ, ಅಂದುಕೊಂಡ ವೆಂಡೆಲ್.

ನೆಡ್ರಾ ನಿಂಬೆ ಪಾನಕ ತಂದುಕೊಟ್ಟು ಪಕ್ಕದಲ್ಲಿ ನಿಂತಳು.

“ನಿನಗೆ ಹ್ಯಾಗೆ ಗೊತ್ತಾಯ್ತೋ?”

“ಏನು?”

“ಪೈಪಿನ ವಿಷ್ಯ. ಹಳೇ ಆಕ್ಸಲ್ ಕಟ್ಟೋವಾಗ ಇವನು ಪೈಪು ಎಡಬಲ ತಿರುಗಾಮುರುಗಾ ಹಾಕಿದ್ದ. ನಾಚಿಕೆಗೆ ಯಾರ ಹತ್ರಾನೂ ಬಾಯಿ ಬಿಡದೆ ಹಂಗೇ ಓಡಿಸಿ ಓಡಿಸಿ, ಕೈಗೆ ಅದೇ ಕೂತ್ಬಿಡ್ತು. ಸರಿಯಾಗಿರೋ ಗಾಡೀನೇ ಅವನಿಗೆ ಬರಲ್ಲ! ನಾನು ಪಿಕಪ್ ಕೊಡ್ತೀನಾ ಮತ್ತೆ?” ಅವಳು ನಕ್ಕಳು. “ಇಲ್ಲಿ ಕದ್ದು ಪೈಪು ಬದಲಾಯಿಸ್ಕೋಬೇಕು ಅಂತಿದ್ದ. ಬೆಳಿಗ್ಗೆ ಟ್ರೇಲರಿಂದ ಇಳಿಸಿ ನೋಡಿದ್ರೆ, ನೀನಾಗಲೇ ಅವನ ಕೈಗೆ ಬೇಕಾದ ಹಾಗೇ ಹಾಕಿದ್ದೆ. ಕಣ್ಣಲ್ಲಿ ನೀರು ಬಂತು ಕಣೋ ಅವನಿಗೆ.”

ಪಾನಕದ ಲೋಟ ಕೆಳಗೆ ಬಿತ್ತು. ವೆಂಡೆಲ್ ಕೂಗುತ್ತಾ ಓಡಿದ. ಎಂಜಿನ್ನಿನ ಗುಡುಗಿನಲ್ಲಿ ಅವನ ಕೂಗು ಅವನಿಗೇ ಕೇಳಿಸಲಿಲ್ಲ.

ಮೇಲೆ, ಬಂಡೆಯ ತುದಿಯಲ್ಲಿ, ಎಡಕ್ಕೆ ಹೋಗಲೆಂದು ಲವಾರ್ ಎಂದಿನಂತೆ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದ.